ಬಚ್ಚಲುಮನೆ ಗೋಡೆಯ ನುಸಿ

ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಗಾಜಿನ ಸೀಸೆ ಇದೆ. ಕಿರುಬೆರಳಷ್ಟು ಉದ್ದ. ಒಳಗೆ ಆಲ್ಕೋಹಾಲ್, ತಳದಲ್ಲಿ ಒಂದು ನುಸಿ. ನುಸಿಯ ಉದ್ದ 4 ಮಿಲಿಮೀಟರ್. ಎಂ.ಎಸ್ಸಿ. ಮುಗಿಸಿದ ಮೇಲೆ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ತೂಕಕ್ಕೆ ಹಾಕಿದ್ದೇನೆ. ನೋಟ್ಸ್ ಎಲ್ಲಿ ಹೋದವೋ ಗೊತ್ತಿಲ್ಲ. ಈಗ ಮಾಡುತ್ತಿರುವ ಕೆಲಸಕ್ಕೂ ಹುಳುಗಳಿಗೂ ಯಾವ ಸಂಬಂಧವೂ ಇಲ್ಲ. ಆದರೂ ಈ ಸೀಸೆ ಪ್ರತಿ ಸಲ ಹತ್ತಿ ಸುತ್ತಿಕೊಂಡು, ಕರವಸ್ತ್ರದೊಳಗೆ ಕೂತು, ನನ್ನ ಜೊತೆಗೇ ಬಂದಿದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಆಲ್ಕೋಹಾಲ್ ತುಂಬಿಸುತ್ತೇನೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಅದು ಆರಿಹೋಗುತ್ತದೆ.

ಕಳೆದ ವಾರ ಪೇಪರಿನಲ್ಲಿ ಮತ್ತೆ ಅದೇ ತಲೆಬರಹ ಕಂಡಿತು. "ಪಶ್ಚಿಮ ಘಟ್ಟದಲ್ಲಿ ಹೊಸ ಪ್ರಭೇದ ಪತ್ತೆ." ಈ ಸಲ ಕಪ್ಪೆ. ಹೋದ ಸಲ ಏಡಿ ಇತ್ತೇನೋ. ಓದುವಾಗೆಲ್ಲ ನನ್ನ ಕಣ್ಣು ಆ "ಪತ್ತೆ" ಅನ್ನುವ ಪದದ ಮೇಲೆ ನಿಲ್ಲುತ್ತದೆ. ಕಳ್ಳ ಪತ್ತೆ, ಶವ ಪತ್ತೆ ಅನ್ನುವ ಹಾಗೆ. ಹುಡುಕಿದರು, ಸಿಕ್ಕಿತು, ಮುಗಿಯಿತು. ನನ್ನ ನುಸಿ ಸಿಕ್ಕಿದ್ದು ಹಲ್ಲುಜ್ಜುವ ಹೊತ್ತಿನಲ್ಲಿ, ಅರ್ಧ ನಿಮಿಷದಲ್ಲಿ. ಅದು ಹೊಸದೋ ಹಳೆಯದೋ ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಫಂಗಸ್ ನ್ಯಾಟ್ ಅನ್ನುತ್ತಾರೆ. ನಮ್ಮೂರಲ್ಲಿ ಕಣ್ಣ ಮುಂದೆ ಹಾರಾಡುವ ಸಣ್ಣದೆಲ್ಲ ನುಸಿ, ಇಲ್ಲವೇ ನೊರಜು, ಇಲ್ಲವೇ ಗುಂಗುರು. ಕಚ್ಚಿದರೆ ಸೊಳ್ಳೆ. ಅಲ್ಲಿಗೆ ನಮ್ಮ ವರ್ಗೀಕರಣ ಮುಗಿಯಿತು. ನಾನು ಇದಕ್ಕೆ ಅಣಬೆ ನುಸಿ ಅಂತ ಹೆಸರಿಟ್ಟುಕೊಂಡಿದ್ದೇನೆ. ಬಾಲ್ಕನಿಯ ಕುಂಡಕ್ಕೆ ನೀರು ಜಾಸ್ತಿಯಾದಾಗ ಮಣ್ಣಿನಿಂದ ಏಳುವ ಕಪ್ಪು ಚುಕ್ಕಿಗಳೂ ಇದೇ ಬಳಗದವು. ಹಳದಿ ಅಂಟುಕಾಗದ ತಂದು ನೀವೂ ಎಷ್ಟೋ ಕೊಂದಿರುತ್ತೀರಿ. ಪರವಾಗಿಲ್ಲ, ನಾನೂ ಕೊಂದಿದ್ದೇನೆ.

ಅಜ್ಜಿಯ ಪಾತ್ರೆ

ಸೀಸೆಗೂ ಮೊದಲೇ ಈ ನುಸಿಗಳ ಮಕ್ಕಳನ್ನು ನಾನು ನೋಡಿದ್ದೆ. ಕೊಪ್ಪದ ಹತ್ತಿರ ಅಜ್ಜಿ ಮನೆ. ಮೊದಲ ಮಳೆ ಬಿದ್ದು ಗುಡುಗು ಬಂತು ಅಂದರೆ ಚಿಕ್ಕಪ್ಪ ಬೆಳಗಿನ ಜಾವವೇ ಗುಡ್ಡಕ್ಕೆ ಹೋಗಿ ಹುತ್ತದ ಅಣಬೆ ಕಿತ್ತು ತರುತ್ತಿದ್ದ. ಎಂಟು ಗಂಟೆಗೆ ಹೋದರೆ ಬೇರೆ ಯಾರೋ ಕಿತ್ತಿರುತ್ತಾರೆ. ಅಜ್ಜಿ ಅದನ್ನೆಲ್ಲ ಬಿಡಿಸಿ, ಅಗಲ ಪಾತ್ರೆಯಲ್ಲಿ ಉಪ್ಪು, ಅರಿಶಿನದ ನೀರಿಗೆ ಹಾಕಿ ಇಡುವಳು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹುಳುಗಳು ತೇಲುತ್ತಿದ್ದವು. ಕೆಲವಕ್ಕೆ ತಲೆ ಯಾವುದು, ಬಾಲ ಯಾವುದು ಗೊತ್ತೇ ಆಗುತ್ತಿರಲಿಲ್ಲ. ಕೆಲವು ಮಾತ್ರ ಅಕ್ಕಿ ನುಚ್ಚಿನಷ್ಟು ಸಣ್ಣ, ಬಿಳಿ ಮೈ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಕರಿ ತಲೆ. ನಾನು ಮುಖ ಸಿಂಡರಿಸಿದರೆ ಅಜ್ಜಿ, "ಹುಳ ತಿಂದಿದೆ ಅಂದ್ರೆ ನಾವೂ ತಿನ್ನಬಹುದು ಅಂತ ಅರ್ಥ ಮಾರಾಯ, ಸುಮ್ನೆ ಕೂತ್ಕೋ" ಅನ್ನುತ್ತಿದ್ದಳು.

(ಅಜ್ಜಿಯ ಈ ಮಾತನ್ನು ದಯವಿಟ್ಟು ನಂಬಬೇಡಿ. ವಿಷದ ಅಣಬೆಯಲ್ಲೂ ಹುಳ ಆರಾಮಾಗಿ ಬೆಳೆಯುತ್ತದೆ. ಅಜ್ಜಿ ಬಚಾವಾಗಿದ್ದು ಹುಳುವಿನಿಂದ ಅಲ್ಲ, ಅಣಬೆಯ ಗುರುತು ಚೆನ್ನಾಗಿ ಗೊತ್ತಿದ್ದರಿಂದ.)

ಆ ಕರಿ ತಲೆಯೇ ಗುರುತು ಅಂತ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅಣಬೆಯಲ್ಲಿ ಬೇರೆ ನೊಣಗಳ ಮರಿಗಳೂ ಇರುತ್ತವೆ, ಅವಕ್ಕೆ ಹೀಗೆ ಎದ್ದು ಕಾಣುವ ತಲೆಚಿಪ್ಪು ಇರುವುದಿಲ್ಲ. ಅಣಬೆ ನುಸಿಯ ಮರಿಗೆ ಇರುತ್ತದೆ. ಕಾಡಿನಲ್ಲಿ ಅಣಬೆ, ಕೊಳೆತ ಮರ, ಪಾಚಿ, ಒದ್ದೆ ಎಲೆ ಎಲ್ಲಿದೆಯೋ ಅಲ್ಲೆಲ್ಲ ಇವು ಇವೆ. ದೊಡ್ಡದಾದ ಮೇಲೆ ಬೆನ್ನು ಗೂನು, ಉದ್ದ ಕಾಲು, ಕಾಲಿನ ಗಂಟಿನಲ್ಲಿ ಎದ್ದು ಕಾಣುವ ಮುಳ್ಳು. ಬಾಗಿ ನಡೆಯುವ ಮುದುಕರ ಹಾಗೆ ಗೋಡೆ ಮೇಲೆ ಕೂತಿರುತ್ತವೆ. ಕಚ್ಚುವುದಿಲ್ಲ, ಯಾರ ಗೊಡವೆಗೂ ಬರುವುದಿಲ್ಲ.

ಅಜ್ಜಿ ಮನೆಯ ಬಚ್ಚಲುಮನೆಯಲ್ಲಿ ಹಂಡೆ ಒಲೆ. ಹೊರಗೋಡೆಗೆ ಒರಗಿಸಿ ಸೌದೆ ರಾಶಿ. ರಾಶಿಯ ಮೇಲಿನ ಸೌದೆ ಉರಿಯುತ್ತಿತ್ತು, ಕೆಳಗಿನದು ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತಿತ್ತು. ಅದರ ಮೇಲೆ ಕಿವಿಯ ಹಾಗಿನ, ಬೀಸಣಿಗೆಯ ಹಾಗಿನ ಅಣಬೆಗಳು. ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನಾದರೂ ಹಿಡಿಯಬೇಕಿತ್ತು. ಒಂದು ಜುಲೈ ಬೆಳಿಗ್ಗೆ ಹಲ್ಲುಜ್ಜುತ್ತಾ ಗೋಡೆ ನೋಡಿದೆ. ಸುಣ್ಣದ ಗೋಡೆಯ ಮೇಲೆ ಗೂನು ಬೆನ್ನಿನ ಒಂದು ನುಸಿ. ರೆಕ್ಕೆಯ ನಡುವೆ ಕಂದು ಚುಕ್ಕೆ. ಬ್ರಷ್ ಬಾಯಲ್ಲೇ ಇಟ್ಟುಕೊಂಡು, ಅಮೃತಾಂಜನದ ಖಾಲಿ ಬಾಟಲಿ ಮುಚ್ಚಿ ಹಿಡಿದೆ.

"ಹೆಣ್ಣು ಕಣಪ್ಪಾ"

ನಮ್ಮ ಮೇಡಂ ಸೂಕ್ಷ್ಮದರ್ಶಕದ ಕೆಳಗೆ ಅದನ್ನಿಟ್ಟು ತುಂಬಾ ಹೊತ್ತು ನೋಡಿದರು. ನಾನು ಹಿಂದೆ ನಿಂತಿದ್ದೆ. ರೆಕ್ಕೆಯ ನರಗಳನ್ನು ಎಣಿಸಿದರು. ಮೀಸೆಯ ಗಂಟುಗಳನ್ನು ಎಣಿಸಿದರು. "ಮೈಸೆಟೋಫಿಲಾ ಇರಬೇಕು" ಅಂದರು. ಗ್ರೀಕಿನಲ್ಲಿ ಅಣಬೆಪ್ರಿಯ ಅಂತ ಅರ್ಥ. ಈ ಕುಲದಲ್ಲೇ ನೂರಾರು ಪ್ರಭೇದಗಳಿವೆ. "ಈ ಚುಕ್ಕೆ ನಾನು ನೋಡಿದ ಯಾವುದಕ್ಕೂ ಹೊಂದ್ತಾ ಇಲ್ಲ" ಅಂದಾಗ ನನ್ನ ಎದೆ ಹೊಡೆದುಕೊಂಡಿತು. ಅಷ್ಟರಲ್ಲೇ ಹೊಟ್ಟೆಯ ತುದಿಯನ್ನು ಸೂಜಿಯಿಂದ ಸ್ವಲ್ಪ ಹೊರಳಿಸಿ, ಕಣ್ಣು ತೆಗೆಯದೆಯೇ, "ಅಯ್ಯೋ, ಹೆಣ್ಣು ಕಣಪ್ಪಾ" ಅಂದರು.

ಕೂತು ನೋಡಿದೆ. ತುದಿಯಲ್ಲಿ ಎರಡು ಪುಟ್ಟ ಎಸಳು, ಅಷ್ಟೇ. ಮೇಡಂ ಪೆಟ್ಟಿಗೆಯಿಂದ ಬೇರೊಂದು ಸ್ಲೈಡ್ ತೆಗೆದು ಪಕ್ಕದಲ್ಲಿಟ್ಟರು. ಅದು ಗಂಡು. ಒಂದೇ ನೋಟಕ್ಕೆ ಅರ್ಥವಾಯಿತು. ಅಲ್ಲಿ ಎಸಳಿಲ್ಲ, ಒಂದು ಕಮ್ಮಾರನ ಅಂಗಡಿಯೇ ಇದೆ. ಎರಡು ಚಿಮುಟ, ಚಿಮುಟದ ಒಳಗೆ ಮುಳ್ಳಿನ ಸಾಲು, ಮುಳ್ಳಿನ ಪಕ್ಕ ಕೊಕ್ಕೆ, ಕೊಕ್ಕೆಯ ಬುಡದಲ್ಲಿ ಬಾಚಣಿಗೆಯ ಹಾಗಿನದೊಂದು. ಅಣಬೆ ನುಸಿಗಳಲ್ಲಿ ಪ್ರಭೇದದ ಗುರುತು ಇರುವುದು ಇಲ್ಲಿ. ಮೈಬಣ್ಣ, ರೆಕ್ಕೆ, ಕಾಲು ಎಲ್ಲ ಒಂದೇ ಥರ ಇದ್ದರೂ ಈ ತುದಿಭಾಗ ಒಂದೊಂದು ಪ್ರಭೇದಕ್ಕೆ ಒಂದೊಂದು ಥರ. ನೋಡಬೇಕಾದರೆ ಅದನ್ನು ಕತ್ತರಿಸಿ, 10 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಬೇಕು. ಮಾಂಸವೆಲ್ಲ ಕರಗಿ, ಗಟ್ಟಿ ಕವಚ ಮಾತ್ರ ಜೇನಿನ ಬಣ್ಣದಲ್ಲಿ ಉಳಿಯುತ್ತದೆ. ಆಮೇಲೆ ಗ್ಲಿಸರಿನ್‌ನಲ್ಲಿ ಇಟ್ಟು, ಮೇಲಿಂದ, ಕೆಳಗಿಂದ, ಪಕ್ಕದಿಂದ ಚಿತ್ರ ಬರೆಯಬೇಕು. ಒಂದೊಂದು ಮುಳ್ಳನ್ನೂ ಎಣಿಸಿ.

"ಹೆಣ್ಣನ್ನ ಇಟ್ಕೊಂಡು ಹೊಸದು ಅಂತ ಬರೆಯೋಕೆ ಆಗಲ್ವಾ ಮೇಡಂ?"

"ಬರೆಯೋಕೆ ಯಾರೂ ಅಡ್ಡ ಬರಲ್ಲ. ನಾಳೆ ಇನ್ಯಾರೋ ಒಂದು ಗಂಡು ತಂದು ಇದೇನಾ ಅದು ಅಂತ ಕೇಳ್ತಾರೆ. ಹೌದು ಅಂತಲೂ ಹೇಳೋಕೆ ಆಗಲ್ಲ, ಅಲ್ಲ ಅಂತಲೂ ಹೇಳೋಕೆ ಆಗಲ್ಲ. ನಿನ್ನ ಹೆಸರು ಅಲ್ಲಿ ಅಡ್ಡಗಾಲು ಹಾಕ್ಕೊಂಡು ನೂರು ವರ್ಷ ಕೂತಿರುತ್ತೆ."

ಆ ಹೊತ್ತಿಗೆ ನನಗೆ ಇದು ಅತಿ ಅನ್ನಿಸಿತ್ತು. ಬೇಜಾರಿನಲ್ಲಿ ಕ್ಯಾಂಟೀನಿಗೆ ಹೋಗಿ ಎರಡು ಬೋಂಡಾ ತಿಂದೆ. ಆಮೇಲೆ ಮೇಡಂ ಕೈಗೆ ಕೊಟ್ಟ ಹಳೆಯ ಪುಟಗಳನ್ನು ಓದುತ್ತಾ ಹೋದ ಹಾಗೆ ಅವರ ಮಾತಿನ ತೂಕ ಗೊತ್ತಾಯಿತು.

ಹಳೆಯದೆಲ್ಲ ಗೊತ್ತಿರಬೇಕು

ಭಾರತದ ಅಣಬೆ ನುಸಿಗಳನ್ನು ಗುರುತಿಸಲು ಹೊರಟವರು ಮೊದಲು ಬಂದು ಡಿಕ್ಕಿ ಹೊಡೆಯುವುದು ಎನ್ರಿಕೋ ಬ್ರೂನೆಟ್ಟಿ ಅನ್ನುವವನಿಗೆ. ಬ್ರಿಟಿಷ್ ಭಾರತದ ಪ್ರಾಣಿಗಳ ಬಗ್ಗೆ ಬಂದ ದೊಡ್ಡ ಪುಸ್ತಕ ಸರಣಿಯಲ್ಲಿ ಸಣ್ಣ ನೊಣ, ನುಸಿಗಳ ಸಂಪುಟ ಬರೆದವನು ಅವನೇ, 1912ರಲ್ಲಿ. ವೃತ್ತಿಯಿಂದ ಸಂಗೀತಗಾರ. ಕಲ್ಕತ್ತೆಯಲ್ಲಿದ್ದುಕೊಂಡು, ಅಲ್ಲಿನ ಇಂಡಿಯನ್ ಮ್ಯೂಸಿಯಂನ ನೊಣಗಳನ್ನು ನೋಡುತ್ತಾ ಬರೆದ. ನನಗೆ ಈ ಮನುಷ್ಯನ ಬಗ್ಗೆ ಒಂದು ಥರ ಪ್ರೀತಿ ಇದೆ. ಕಲ್ಕತ್ತೆಯ ಸೆಕೆಯಲ್ಲಿ, ಸಂಗೀತದ ಕೆಲಸದ ನಡುವೆ, ಯಾರಿಗೂ ಬೇಡದ ನುಸಿಗಳ ರೆಕ್ಕೆ ನೋಡುತ್ತಾ ಕೂತವನು. ಆದರೆ ಆ ಕಾಲದ ಬರಹಗಳಲ್ಲಿ ಬಣ್ಣದ ಮಾತು ಜಾಸ್ತಿ. ಎದೆ ಹಳದಿ ಮಿಶ್ರಿತ ಕಂದು, ಹೊಟ್ಟೆ ಕಂದು, ಕಾಲು ತಿಳಿ ಹಳದಿ. ಈ ಮಾತು ಸಾವಿರ ನುಸಿಗಳಿಗೆ ಹೊಂದುತ್ತದೆ. ಚಿಮುಟ, ಮುಳ್ಳುಗಳ ಚಿತ್ರ ಸಿಗುವುದು ಅಪರೂಪ. ಹಾಗಾದರೆ ಏನು ಮಾಡಬೇಕು? ಹೆಸರಿಡುವಾಗ ಅವರ ಕೈಯಲ್ಲಿದ್ದ ನುಸಿಯನ್ನೇ ಹೋಗಿ ನೋಡಬೇಕು. ಒಂದು ಹೆಸರು ಒಂದು ಒಣಗಿದ ದೇಹಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. 2000ದಿಂದ ಈಚೆಗೆ ಹೊಸ ಪ್ರಭೇದ ಬರೆಯುವವರು ಯಾವ ದೇಹದ ಮೇಲೆ ಹೆಸರಿಡುತ್ತಿದ್ದೇವೆ ಅಂತ ಸ್ಪಷ್ಟವಾಗಿ ಹೇಳಲೇಬೇಕು. ನಮ್ಮ ದೇಶದಲ್ಲಂತೂ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಹಿಂದಿನವರಿಗೆ ಈ ಕಟ್ಟುಪಾಡು ಇರಲಿಲ್ಲ.

ಅಂದರೆ, ಬಚ್ಚಲುಮನೆಯ ನುಸಿ ಹೊಸದು ಅಂತ ಹೇಳಬೇಕಾದರೆ ನಾನು ನೋಡಬೇಕಾದ್ದು ಆ ನುಸಿಯನ್ನಲ್ಲ. 1758ರಲ್ಲಿ ಲಿನೇಯಸ್ ಶುರು ಮಾಡಿದಲ್ಲಿಂದ ಇವತ್ತಿನವರೆಗೆ ಹೆಸರು ಪಡೆದ ಅದರ ನೆಂಟರನ್ನೆಲ್ಲ. ಅದರಲ್ಲೂ ಬರ್ಮಾ, ಶ್ರೀಲಂಕಾ, ಮಲಯಾ ಕಡೆಯವರನ್ನು. ನುಸಿಗೆ ಗಡಿ ಗೊತ್ತಿಲ್ಲವಲ್ಲ. ಹೊಸತನ ಅನ್ನುವುದು ನುಸಿಯ ಮೈಮೇಲೆ ಎಲ್ಲೂ ಇಲ್ಲ. ಅಜ್ಜಿ ಹುಟ್ಟುವ ಮೊದಲೂ ಅದು ಆ ಗುಡ್ಡದಲ್ಲಿ ಅಣಬೆ ತಿನ್ನುತ್ತಿತ್ತು. ಹೊಸದಾಗಿರುವುದು ನಮ್ಮ ಪಟ್ಟಿಗೆ. ಆ ಪಟ್ಟಿಯೇ ಅರ್ಧಂಬರ್ಧ ಇದ್ದರೆ ಯಾವುದು ಹೊಸದು?

ನ್ಯೂಜಿಲೆಂಡಿನ ವೈಟೋಮೊ ಗುಹೆಗಳ ಫೋಟೋ ನೋಡಿರುತ್ತೀರಿ. ಕತ್ತಲೆಯ ಚಾವಣಿಯಲ್ಲಿ ನೀಲಿ ನಕ್ಷತ್ರಗಳ ಹಾಗೆ ಹೊಳೆಯುವ ಹುಳುಗಳು, ಕೆಳಗೆ ದೋಣಿಯಲ್ಲಿ ಬಾಯಿ ತೆರೆದು ನೋಡುವ ಪ್ರವಾಸಿಗರು. ಆ ಹುಳುವೂ ಅಣಬೆ ನುಸಿಯ ಬಳಗದ್ದೇ. ಆದರೆ ಅಣಬೆ ತಿನ್ನುವುದಿಲ್ಲ. ಅಂಟು ಹನಿ ಪೋಣಿಸಿದ ರೇಷ್ಮೆ ಎಳೆಗಳನ್ನು ಇಳಿಬಿಟ್ಟು, ಬೆಳಕಿಗೆ ಮರುಳಾಗಿ ಬಂದ ಹುಳುಗಳನ್ನು ಎಳೆದುಕೊಂಡು ತಿನ್ನುತ್ತದೆ. ಇದರ ಹೆಸರಿನ ಕಥೆ ನೋಡಿ. 1871ರಲ್ಲಿ ಥೇಮ್ಸ್ ಅನ್ನುವ ಊರಿನ ಕಡೆಯ ಒಂದು ಚಿನ್ನದ ಗಣಿಯಲ್ಲಿ ಸಿಕ್ಕಿತು. ಯೂರೋಪಿನ ಮಿಂಚುಹುಳದ ನೆಂಟ ಅಂದುಕೊಂಡರು, ಅಂದರೆ ದುಂಬಿಗಳ ಜಾತಿ. 1886ರಲ್ಲಿ ಕ್ರೈಸ್ಟ್‌ಚರ್ಚ್‌ನ ಒಬ್ಬ ಶಾಲಾ ಶಿಕ್ಷಕ, ಇದು ದುಂಬಿಯಲ್ಲ, ನುಸಿಯ ಮರಿ ಅಂತ ತೋರಿಸಿದ. 1891ರಲ್ಲಿ ಸ್ಕ್ಯೂಸ್ ಅನ್ನುವವನು ಬೋಲಿಟೋಫಿಲಾ ಲ್ಯೂಮಿನೋಸಾ ಅಂತ ಹೆಸರಿಟ್ಟ. ಅದೂ ತಪ್ಪು ಕುಲ. 1924ರಲ್ಲಿ ಅರಾಕ್ನೋಕ್ಯಾಂಪಾ ಅಂತ ಹೊಸ ಕುಲ ಮಾಡಿ ಅದರಲ್ಲಿ ಸೇರಿಸಿದರು. ಜೇಡದಂಥ ಕಂಬಳಿಹುಳು ಅಂತ ಅರ್ಥ. ಕಣ್ಣಿಗೆ ಕಂಡದ್ದಕ್ಕೂ ಸರಿಯಾದ ಮನೆ ಸಿಕ್ಕಿದ್ದಕ್ಕೂ ನಡುವೆ 53 ವರ್ಷ. ಅದೂ ಮೈಯಲ್ಲಿ ದೀಪ ಹಚ್ಚಿಕೊಂಡು ಕೂತ ಹುಳಕ್ಕೆ! ಅಲ್ಲಿನ ಮಾವೋರಿ ಜನರಿಗೆ ಈ ಯಾವ ಗೊಂದಲವೂ ಇರಲಿಲ್ಲ. ಅವರು ಅದನ್ನು ಟಿಟಿವಾಯ್ ಅನ್ನುತ್ತಾರೆ.

(ಈ ಸ್ಕ್ಯೂಸ್ ಮಹಾಶಯನನ್ನು ನಾವು ಮರೆಯುವ ಹಾಗಿಲ್ಲ. ಹಗಲು ಹೊತ್ತು ಕಚ್ಚಿ ಡೆಂಗಿ ಹರಡುವ ಪಟ್ಟೆ ಸೊಳ್ಳೆಗಳಲ್ಲಿ ಒಂದಕ್ಕೆ, ಏಷ್ಯನ್ ಟೈಗರ್ ಸೊಳ್ಳೆಗೆ, ಹೆಸರಿಟ್ಟವನೂ ಅವನೇ. ಹೆಸರಿಡಲು ಅವನು ನೋಡಿದ ಸೊಳ್ಳೆಗಳು ಅವನ ಕೈಗೆ ಹೋದದ್ದು ಕಲ್ಕತ್ತೆಯಿಂದ.)

ದೀಪ ಇರುವ ನುಸಿಗಳು ಇನ್ನೂ ಸಿಗುತ್ತಲೇ ಇವೆ. 2019ರಲ್ಲಿ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಿಂದ ಒಂದು ಬಂತು, ನಿಯೋಸೆರೋಪ್ಲಾಟಸ್ ಬೆಟಾರಿಯೆನ್ಸಿಸ್. ದಕ್ಷಿಣ ಅಮೆರಿಕದಲ್ಲಿ ನೀಲಿ ಬೆಳಕು ಸೂಸುವ ಮೊದಲ ಜೀವಿ ಅಂತ ಸುದ್ದಿಯಾಯಿತು. ಸಾವ್ ಪೌಲೋ ರಾಜ್ಯದ ಇಪೊರಾಂಗದಲ್ಲಿರುವ ಬೆಟಾರಿ ಮೀಸಲು ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಊರಿನ ಹೆಸರಿಡುವುದು ನನಗೆ ಇಷ್ಟ. ಸಚಿವರ ಹೆಸರು, ಸಿನಿಮಾ ನಟರ ಹೆಸರು ಇಡುವುದಕ್ಕಿಂತ ಎಷ್ಟೋ ಮೇಲು. ಆದರೆ ಬೆಳಕಿಲ್ಲದ, ಬಣ್ಣವಿಲ್ಲದ ಕಂದು ನುಸಿಗಳ ಗತಿ ಏನು? ಅವುಗಳದ್ದೇ ಸಂಖ್ಯೆ ಜಾಸ್ತಿ. ಸಿಂಗಾಪುರದಲ್ಲಿ ಬಲೆ ಕಟ್ಟಿ ಹಿಡಿದು, ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ನೋಡಿ, ನನ್ನ ನುಸಿಯ ಕುಟುಂಬದ 115 ಹೊಸ ಪ್ರಭೇದಗಳನ್ನು ಒಟ್ಟಿಗೇ ಬರೆದಿದ್ದಾರೆ. ಆ ದೇಶ ಇರುವುದೇ ಸುಮಾರು 730 ಚದರ ಕಿಲೋಮೀಟರ್. ಹೆಚ್ಚೂ ಕಡಿಮೆ ನಮ್ಮ ಬೆಂಗಳೂರು ಮಹಾನಗರದಷ್ಟು. ಅದೂ ಜಗತ್ತಿನಲ್ಲೇ ಚೆನ್ನಾಗಿ ಗುಡಿಸಿ ಒರೆಸಿದ ಊರು. ಅಲ್ಲೇ ಹೀಗಾದರೆ ಆಗುಂಬೆ, ಕುದುರೆಮುಖದ ಕಡೆ ಲೆಕ್ಕ ಹಾಕಲು ನನಗೆ ಧೈರ್ಯ ಬರುವುದಿಲ್ಲ.

ಅವರು ಕಟ್ಟಿದ ಬಲೆಯ ಹೆಸರು ಮಲೇಸ್ ಬಲೆ. ರೆನೆ ಮಲೇಸ್ ಅನ್ನುವ ಸ್ವೀಡನ್ನಿನವನ ತಲೆಯಿಂದ ಬಂದದ್ದು. ತನ್ನ ಡೇರೆಯೊಳಗೆ ಹೊಕ್ಕ ಹುಳುಗಳು ಹೊರಹೋಗಲು ಯಾವಾಗಲೂ ಮೇಲಿನ ಮೂಲೆಗೇ ಹತ್ತುತ್ತವೆ ಅನ್ನುವುದನ್ನು ಅವನು ಗಮನಿಸಿದ. 1934ರಲ್ಲಿ ಬರ್ಮಾಕ್ಕೆ ಹೋದಾಗ ಆ ಮೂಲೆಯಲ್ಲೇ ಸೀಸೆ ಇಡುವ ಡೇರೆ ಬಲೆ ಮಾಡಿ ನೋಡಿದ. ನಮ್ಮ ಮನೆಯ ಸೊಳ್ಳೆ ಪರದೆಯೊಳಗೂ ಇದೇ ಆಗುತ್ತದೆ. ನಾವು ಬೆಳಿಗ್ಗೆ ಎದ್ದು ಮೂಲೆಯಲ್ಲಿರುವ ಸೊಳ್ಳೆಯನ್ನು ಚಪ್ಪಾಳೆ ತಟ್ಟಿ ಕೊಂದೆವು. ಅವನು ಸೀಸೆ ಇಟ್ಟ.

ಗಂಡು ಸಿಕ್ತಾ?

ಈಗ ಡಿಎನ್‌ಎ ಬಾರ್‌ಕೋಡ್ ಬಂದಿದೆ. 658 ಅಕ್ಷರಗಳ ಒಂದು ತುಣುಕು ಓದಿದರೆ ಹೆಣ್ಣು, ಗಂಡು, ಮರಿ ಮೂರನ್ನೂ ಒಂದೇ ಮನೆಯವು ಅಂತ ಜೋಡಿಸಬಹುದು. ಎರಡು ವರ್ಷದ ಹಿಂದೆ ಮೇಡಂಗೆ ಫೋನ್ ಮಾಡಿ ಇದನ್ನೇ ಕೇಳಿದೆ. ಈಗ ನಿವೃತ್ತರು. ದನಿ ಮಾತ್ರ ಹಾಗೇ ಇದೆ. "ಒಂದು ಕಾಲು ಕೊಟ್ರೆ ಸಾಕು, ಓದ್ತಾರೆ. ಆದ್ರೆ ಯಾವುದಕ್ಕೆ ಹೋಲಿಸ್ತೀಯಾ? ಬ್ರೂನೆಟ್ಟಿ ನೋಡಿದ ನುಸಿಗಳ ಡಿಎನ್‌ಎ ನಿನ್ನ ಹತ್ರ ಇದೆಯಾ?" ಅಂದರು. ಸ್ವಲ್ಪ ಸುಮ್ಮನಿದ್ದು, "ಗಂಡು ಸಿಕ್ತಾ?" ಅಂತ ಕೇಳಿದರು. ಪ್ರತಿ ಸಲ ಫೋನ್ ಇಡುವ ಮೊದಲು ಕೇಳುವ ಪ್ರಶ್ನೆ ಇದು. ಬೇರೆಯವರು ಮದುವೆ ಆದವರಿಗೆ ಮಗು ಯಾವಾಗ ಅಂತ ಕೇಳುತ್ತಾರಲ್ಲ, ಹಾಗೆ.

ಹೋದ ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಬ್ಯಾಗಿನಲ್ಲಿ ಆಲ್ಕೋಹಾಲ್ ತುಂಬಿದ ಹತ್ತು ಸೀಸೆ, ಹುಳುಗಳನ್ನು ಬಾಯಿಂದ ಉಸಿರೆಳೆದು ಹಿಡಿಯುವ ರಬ್ಬರ್ ಕೊಳವೆಯ ಒಂದು ಹೀರುಗ, ತಲೆಗೆ ಕಟ್ಟುವ ಟಾರ್ಚ್. ಹೆಂಡತಿ ನೋಡಿ ನಕ್ಕಳು. "ಹೆಣ್ಣಿಗೆ ಗಂಡು ಹುಡುಕೋಕೆ ಹೊರಟ ಮಾವನ ಥರ ಕಾಣ್ತಾ ಇದ್ದೀರಿ" ಅಂದಳು.

ಅಜ್ಜಿ ಹೋಗಿ ಆರು ವರ್ಷ ಆಯಿತು. ಮನೆ ಚಿಕ್ಕಪ್ಪನದು. ಬಸ್ಸಿಳಿದು, ಕಾಫಿ ಕುಡಿದು, ಬಚ್ಚಲುಮನೆಯ ಹಿಂದಕ್ಕೆ ಹೋದೆ. ಗೋಡೆಗೆ ಬಿಳಿ ಟೈಲ್ಸ್. ಹಂಡೆ ಇದ್ದಲ್ಲಿ ವಾಷಿಂಗ್ ಮೆಷಿನ್. ಮಾಡಿನ ಮೇಲೆ ಸೋಲಾರ್. ಸೌದೆ ರಾಶಿ ಇದ್ದ ಜಾಗಕ್ಕೆ ಸಿಮೆಂಟ್ ಹಾಕಿ ಸ್ಕೂಟರ್ ನಿಲ್ಲಿಸಿದ್ದಾರೆ. ಚಿಕ್ಕಪ್ಪ ಹೆಮ್ಮೆಯಿಂದ ನಲ್ಲಿ ತಿರುಗಿಸಿ ಬಿಸಿನೀರು ತೋರಿಸಿದ. "ನಿನ್ನ ಚಿಕ್ಕಮ್ಮಂಗೆ ಹೊಗೆ ಊದಿ ಊದಿ ಕೆಮ್ಮು ಹಿಡಿದಿತ್ತು ಮಾರಾಯ. ಈಗ ನೋಡು." ಚಿಕ್ಕಮ್ಮ ನಿಜವಾಗಿಯೂ ಈಗ ಕೆಮ್ಮುವುದಿಲ್ಲ. ನಾನು ಏನು ಹೇಳಲಿ?

"ಆ ಹಳೇ ಸೌದೆ ಎಲ್ಲಿ ಹಾಕಿದ್ರಿ ಚಿಕ್ಕಪ್ಪ?"

"ಕೊಳೆತದ್ದಾ? ತೋಟದ ಕೆಳಗೆ ಹಳ್ಳದ ಬದಿಗೆ ಎಸೆದಿದ್ವಿ. ಯಾಕೆ?"

ಎರಡು ಸಂಜೆ, ಎರಡು ಬೆಳಿಗ್ಗೆ ಹಳ್ಳದ ಬದಿಯಲ್ಲಿ ಕೂತೆ. ಇಂಬಳ ಕಾಲಿಗೆ ಹತ್ತಿ ಇಳಿದು ಹೋದವು. ಹಾವು ಹೆಡೆ ಎತ್ತಿದ ಹಾಗೆ ಕಾಣುವ ಕೋಬ್ರಾ ಲಿಲಿ ಒಂದೆರಡು ನಿಂತಿದ್ದವು. ಈ ಗಿಡದ ಬಳಗದಲ್ಲಿ ಎಷ್ಟೋ ಪ್ರಭೇದಗಳು ಪರಾಗಕ್ಕೆ ಅಣಬೆ ನುಸಿಯನ್ನೇ ನಂಬಿವೆ. ವಾಸನೆಗೆ ಮರುಳಾಗಿ ನುಸಿ ಒಳಗೆ ಜಾರುತ್ತದೆ. ಗಂಡು ಹೂವಿನ ಬುಡದಲ್ಲಿ ಸಣ್ಣ ಕಿಂಡಿ ಇರುತ್ತದೆ, ಪರಾಗ ಮೆತ್ತಿಕೊಂಡು ಹೊರಬರಬಹುದು. ಹೆಣ್ಣು ಹೂವಿಗೆ ಆ ಕಿಂಡಿ ಇಲ್ಲ. ಒಳಗೆ ಹೋದದ್ದು ಅಲ್ಲೇ ಸಾಯುತ್ತದೆ. ಟಾರ್ಚ್ ಹಾಕಿ ಒಂದು ಹೂವಿನೊಳಗೆ ನೋಡಿದೆ. ತಳದಲ್ಲಿ ನಾಲ್ಕೈದು ಸಣ್ಣ ಹೆಣಗಳು, ನೀರಲ್ಲಿ ಕೊಳೆತು ಯಾವುದು ಏನು ಅಂತ ಹೇಳಲಾಗದ ಸ್ಥಿತಿಯಲ್ಲಿ.

ಒಟ್ಟು ಏಳು ನುಸಿ ಹಿಡಿದೆ. ಮನೆಯಲ್ಲಿ ಲೆನ್ಸ್ ಹಿಡಿದು ನೋಡಿದೆ. ಮೂರು ಬೇರೆ ಕುಟುಂಬದವು, ಕಣ್ಣೆರಡೂ ಮೀಸೆಯ ಮೇಲೆ ಸೇತುವೆಯ ಹಾಗೆ ಕೂಡಿಕೊಂಡಿದ್ದವು. ಅವು ಕುಂಡದ ನುಸಿಯ ಜಾತಿ. ನಾಲ್ಕರ ಬೆನ್ನು ಗೂನು ಇತ್ತು. ಎರಡಕ್ಕೆ ರೆಕ್ಕೆಯಲ್ಲಿ ಚುಕ್ಕೆಯೇ ಇಲ್ಲ. ಒಂದಕ್ಕೆ ಚುಕ್ಕೆ ಇತ್ತು, ಆದರೆ ರೆಕ್ಕೆಯ ತುದಿಯ ಹತ್ತಿರ. ಕೊನೆಯದಕ್ಕೆ ರೆಕ್ಕೆಯ ನಡುವೆಯೇ ಕಂದು ಚುಕ್ಕೆ. ಕೈ ನಡುಗುತ್ತಿತ್ತು. ಹೊಟ್ಟೆಯ ತುದಿ ಹೊರಳಿಸಿದೆ. ಎರಡು ಎಸಳು.

ರಾತ್ರಿ ಅಜ್ಜಿಯ ಹಳೆಯ ಮಂಚದ ಮೇಲೆ ಕೂತು ಚೀಟಿ ಬರೆದೆ. ಪೆನ್ಸಿಲ್‌ನಲ್ಲಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಊರು, ತಾರೀಕು, ಹೀರುಗದಲ್ಲಿ ಹಿಡಿದದ್ದು. ಮೊದಲನೆಯ ಚೀಟಿಯಲ್ಲಿ "ಬಚ್ಚಲುಮನೆ ಗೋಡೆ, ಸೌದೆ ರಾಶಿಯ ಪಕ್ಕ" ಅಂತ ಇತ್ತು. ಇದರಲ್ಲಿ "ಹಳ್ಳದ ಬದಿ, ಎಸೆದ ಕೊಳೆತ ಸೌದೆ" ಅಂತ ಬರೆದೆ. ಡ್ರಾಯರಿನಲ್ಲಿ ಈಗ ಸೀಸೆ ಎರಡಾಗಿದೆ. ಮೇಡಂಗೆ ಇನ್ನೂ ಫೋನ್ ಮಾಡಿಲ್ಲ.